ಹೆಜ್ಜೆ ಜೋಡಿಸಿದವರ ಹೆಸರೂ ಹೇಳಿ

ಪ್ರತಿಭಾ ಕಾರಂಜಿಯಲ್ಲಿ ಜಾನಪದ ನೃತ್ಯಕ್ಕೆ ತೀರ್ಪುಗಾರರಾಗಿ ಕೂತವರಿಗೆ ಮೂರನೇ ತಂಡ ವೇದಿಕೆ ಹತ್ತುವ ಹೊತ್ತಿಗೆ ಮುಂದಿನದೆಲ್ಲ ಗೊತ್ತಾಗಿಬಿಟ್ಟಿರುತ್ತದೆ. ಮಕ್ಕಳು ಎರಡು ಸಾಲಾಗಿ ನಿಲ್ಲುತ್ತಾರೆ. ಗಿಡ್ಡವರು ಮುಂದೆ, ಎತ್ತರದವರು ಹಿಂದೆ. ಹಾಡು ಶುರುವಾದ ಕೂಡಲೇ ಎಲ್ಲರ ಬಲಗಾಲೂ ಒಮ್ಮೆಲೇ ಏಳುತ್ತದೆ. ಪಲ್ಲವಿ ತಿರುಗಿ ಬಂದಾಗ ಎಲ್ಲರೂ ಒಂದು ಸುತ್ತು ಹಾಕುತ್ತಾರೆ. ಕೊನೆಗೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಗೋಪುರ ಕಟ್ಟಿ, ತುದಿಯಲ್ಲಿ ನಿಂತ ಹುಡುಗಿ ಕೈ ಮುಗಿಯುತ್ತಾಳೆ. ಹೆದ್ದಾರಿ ಬದಿಯ ಊರಿನ ತಂಡದ್ದೂ ಇದೇ, ಹೊಳೆದಂಡೆಯ ಊರಿನದೂ ಇದೇ, ನಮ್ಮ ಗಿಲ್ಲೆಸುಗೂರಿನದೂ ಇದೇ. ಎಲ್ಲರೂ ನೋಡಿ ಕಲಿತದ್ದು ಮೊಬೈಲಿನ ಅದೇ ವಿಡಿಯೊ.

ಮಾಸ್ತರರನ್ನೂ ಮೇಡಮ್ಮುಗಳನ್ನೂ ಬೈಯಲು ಇದನ್ನು ಬರೆಯುತ್ತಿಲ್ಲ. ನಾನೂ ಅವರಲ್ಲೊಬ್ಬಳು. ಶಾಲೆಯಲ್ಲಿ ನನ್ನ ಕೆಲಸ ವಿಜ್ಞಾನ ಹೇಳುವುದು. ಹೆಣ್ಣುಮಗಳು ಎಂಬ ಒಂದೇ ಕಾರಣಕ್ಕೆ ಡ್ಯಾನ್ಸ್ ಕಲಿಸುವ ಕೆಲಸವೂ ನನ್ನ ಹೆಗಲಿಗೆ ಬಿದ್ದಿದೆ. ‘ಗ್ಯಾದರಿಂಗ್ ಹತ್ರ ಬಂತು, ಹುಡುಗೂರಿಗೆ ಏನರ ಮಾಡಸ್ರೀ’ ಎಂದು ಹೆಡ್‌ಮಾಸ್ತರರು ಹೇಳಿದರೆ ಮುಗಿಯಿತು. ಎಲೆಯಲ್ಲಿ ಆಹಾರ ಹೇಗೆ ತಯಾರಾಗುತ್ತದೆ ಎಂದು ಬೆಳಿಗ್ಗೆ ಹೇಳಿದವಳು ಸಂಜೆ ಪಡಸಾಲೆಯಲ್ಲಿ ‘ಒಂದು, ಎರಡು, ಮೂರು, ತಿರುಗು’ ಎಂದು ಕೂಗುತ್ತಿರುತ್ತೇನೆ. ನಾಟಕ, ಸಂಗೀತ, ಚಿತ್ರಕಲೆಗಾದರೆ ಎಲ್ಲೋ ಅಲ್ಲೊಬ್ಬರು ಇಲ್ಲೊಬ್ಬರು ತರಬೇತಾದ ಮಾಸ್ತರರು ಸಿಗುತ್ತಾರೆ. ಕುಣಿತಕ್ಕೆ ಮಾತ್ರ ಯಾರಾದರೂ ನಡೆದೀತು ಎಂದುಕೊಂಡಿದ್ದೇವೆ.

ನನ್ನ ತಕರಾರು ಇರುವುದು ಇದರ ಬಗ್ಗೆಯೇ. ಕುಣಿಯುವುದು ಒಂದು ವಿದ್ಯೆ, ಕುಣಿತ ಕಟ್ಟುವುದು ಇನ್ನೊಂದು. ಬಟ್ಟೆ ನೇಯುವವನೂ ಅಂಗಿ ಹೊಲಿಯುವವನೂ ಬೇರೆ ಬೇರೆ ಎಂಬುದು ಎಲ್ಲರಿಗೂ ಗೊತ್ತು, ಇಬ್ಬರಿಗೂ ಕೂಲಿ ಕೊಡುತ್ತೇವೆ. ಕುಣಿತದಲ್ಲಿ ಈ ಎರಡನೆಯವನನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಈ ವಿದ್ಯೆಯನ್ನು ಕಲಿಸಬಹುದು, ಅದಕ್ಕೊಂದು ಪಠ್ಯಕ್ರಮ ಇರಬಹುದು, ಅದರಲ್ಲಿ ಪದವಿಯನ್ನೂ ಕೊಡಬಹುದು ಎಂದು ತೋರಿಸಲು ಕನ್ನಡ ನಾಡಿನ ಒಬ್ಬ ಹೆಣ್ಣುಮಗಳು ಐವತ್ತು ವರ್ಷ ದುಡಿದಳು. ಅವರ ಹೆಸರು ಮಾಯಾ ರಾವ್. ನಮ್ಮ ಭಾಗದ ಮಾಸ್ತರರ ಕೋಣೆಯಲ್ಲಿ ಈ ಹೆಸರು ಹೇಳಿದರೆ ‘ಯಾರ್ರೀ ಅವರು, ಸಿನಿಮಾದವರಾ?’ ಎನ್ನುತ್ತಾರೆ.

ಸಿನಿಮಾದವರಲ್ಲ. ಮಾಯಾ ರಾವ್ ಹುಟ್ಟಿದ್ದು 1928ರ ಮೇ 2ರಂದು, ಬೆಂಗಳೂರಿನ ಮಲ್ಲೇಶ್ವರದಲ್ಲಿ, ಕೊಂಕಣಿ ಮಾತಾಡುವ ಸಾರಸ್ವತ ಮನೆಯಲ್ಲಿ. ತಂದೆ ಹಟ್ಟಂಗಡಿ ಸಂಜೀವ ರಾವ್ ಕಟ್ಟಡಗಳ ನಕ್ಷೆ ಬರೆಯುವವರು. ಮರ್ಯಾದಸ್ಥರ ಮನೆಯ ಹುಡುಗಿ ಗೆಜ್ಜೆ ಕಟ್ಟಿದಳೆಂದರೆ ನೆರೆಹೊರೆಯವರು ಮೂಗು ಮುರಿಯುತ್ತಿದ್ದ ಕಾಲ ಅದು. ಉದಯ ಶಂಕರ್ ಅವರ ಪ್ರದರ್ಶನ ನೋಡಿ ಬಂದ ಆ ತಂದೆ ಮಕ್ಕಳಿಗೆ ನೃತ್ಯ ಕಲಿಸಬೇಕೆಂದು ಮನಸ್ಸು ಮಾಡಿದರು. ಉದಯ ಶಂಕರ್ 1923ರಲ್ಲಿ ರಷ್ಯದ ಬ್ಯಾಲೆ ನರ್ತಕಿ ಆನ್ನಾ ಪಾವ್ಲೋವಾ ಜೊತೆ ಲಂಡನ್ನಿನಲ್ಲಿ ಕುಣಿದು, ಊರಿಗೆ ಮರಳಿ ಯಾವ ಘರಾನಾದ ಹಂಗೂ ಇಲ್ಲದೆ ತಮ್ಮದೇ ನೃತ್ಯ ಕಟ್ಟಿದವರು. ಭಾರತದ ಆಧುನಿಕ ನೃತ್ಯದ ಕತೆ ಹೇಳುವವರೆಲ್ಲ ಅವರಿಂದಲೇ ಶುರುಮಾಡುತ್ತಾರೆ. ಮಲ್ಲೇಶ್ವರದ ಈ ಹುಡುಗಿಯ ಕತೆಯೂ ಅಲ್ಲಿಂದಲೇ ಶುರುವಾಗುವುದು ನನಗೆ ಖುಷಿ ಕೊಡುವ ಸಂಗತಿ.

ಆಗ ಬೆಂಗಳೂರಿನಲ್ಲಿ ರಾಮ್ ಗೋಪಾಲ್ ಇದ್ದರು. ಯುರೋಪಿನ ರಂಗಮಂದಿರಗಳಿಗೆ ಭಾರತದ ನೃತ್ಯ ತೋರಿಸಿದ, ಈ ಊರಲ್ಲೇ ಹುಟ್ಟಿದ ಕಲಾವಿದ. ಅವರ ಬಳಗದಲ್ಲಿ ಜೈಪುರ ಘರಾನಾದ ಸೋಹನ್‌ಲಾಲ್ ಎಂಬ ಕಥಕ್ ಗುರು ಇದ್ದರು. ಮಾಯಾ ಅವರಿಗೆ ಆಗ ಹನ್ನೆರಡರ ಆಸುಪಾಸು. ಕಲಿಯಲು ತಡವಾಯಿತು ಎನ್ನುವ ವಯಸ್ಸು. ತಂಗಿಯರಾದ ಉಮಾ, ಚಿತ್ರಾ ಇನ್ನೂ ಎಳೆಯರು. ತಡವಾಗಿ ಶುರುಮಾಡಿದ ಅಕ್ಕನೇ ಆಮೇಲೆ ಮುಂದೆ ಹೋದಳು. ಮನೆಗೆ ಕಷ್ಟ ಬಂದಾಗ ನೃತ್ಯಪಾಠ ಹೇಳಿ ಸಂಸಾರಕ್ಕೆ ಆಸರೆಯಾದಳು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮುಗಿಸಿ ಮಹಾರಾಣಿ ಕಾಲೇಜಿನಲ್ಲಿ ಪಾಠ ಮಾಡಿದಳು. ಅಲ್ಲಿಗೇ ನಿಂತಿದ್ದರೆ ಪಿಂಚಣಿ ಬರುವ ನೌಕರಿ, ಭಾನುವಾರಕ್ಕೊಂದು ನೃತ್ಯ ತರಗತಿ, ಅದೇನು ಕೆಟ್ಟ ಬದುಕಲ್ಲ. ಆಕೆ ಅಲ್ಲಿ ನಿಲ್ಲಲಿಲ್ಲ. 1950ರ ದಶಕದ ಮೊದಲಲ್ಲೇ ಜೈಪುರ ಘರಾನಾದ ಹಿರಿಯ ಗುರು ಸುಂದರ್ ಪ್ರಸಾದ್ ಅವರ ಬಳಿ ಹೋದಳು. 1955ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದು ದೆಹಲಿಯ ಭಾರತೀಯ ಕಲಾ ಕೇಂದ್ರದಲ್ಲಿ ಲಖನೌ ಘರಾನಾದ ಶಂಭು ಮಹಾರಾಜರ ಶಿಷ್ಯೆಯಾದಳು. ಒಂದು ಘರಾನಾದವರು ಇನ್ನೊಂದರ ಹೊಸ್ತಿಲು ತುಳಿಯುವುದು ಅಷ್ಟು ಸುಲಭವಲ್ಲದ ದಿನಗಳಲ್ಲಿ ಎರಡರ ಹೆಜ್ಜೆಯೂ ಆಕೆಯ ಕಾಲಲ್ಲಿತ್ತು.

ಇಷ್ಟಾದರೂ ಆಕೆ ಒಬ್ಬ ಒಳ್ಳೆಯ ನರ್ತಕಿ, ಅಷ್ಟೇ. ದೇಶದಲ್ಲಿ ಅಂಥವರು ಬಹಳ ಜನ ಇದ್ದರು. ಮುಂದಿನ ತಿರುವೇ ಬೇರೆ. 1960ರಲ್ಲಿ ಸೋವಿಯತ್ ಒಕ್ಕೂಟದ ವಿದ್ಯಾರ್ಥಿವೇತನ ಸಿಕ್ಕಿ ಮಾಸ್ಕೋಗೆ ಹೋದರು. ಕುಣಿಯುವುದನ್ನು ಕಲಿಯಲು ಅಲ್ಲ, ನೃತ್ಯ ಸಂಯೋಜನೆ ಕಲಿಯಲು. ಅಲ್ಲಿನ ರಂಗಶಿಕ್ಷಣದಲ್ಲಿ ಅದು ಸ್ವತಂತ್ರ ವಿಷಯ. ವೇದಿಕೆಯ ಯಾವ ಜಾಗಕ್ಕೆ ಎಷ್ಟು ತೂಕ, ಗುಂಪನ್ನು ಹೇಗೆ ಒಡೆಯುವುದು, ಹೇಗೆ ಕೂಡಿಸುವುದು, ಸಂಗೀತದ ಜೊತೆ ಯಾವಾಗ ಹೋಗಬೇಕು, ಯಾವಾಗ ಅದಕ್ಕೆ ಎದುರು ನಿಲ್ಲಬೇಕು, ಬೆಳಕು ಎಲ್ಲಿ ಬೀಳಬೇಕು, ಎಲ್ಲವನ್ನೂ ಮೇಜಿನ ಮುಂದೆ ಕೂತು, ಬರೆದು, ಲೆಕ್ಕ ಹಾಕಿ ಕಲಿಯುತ್ತಾರೆ. ನಮ್ಮಲ್ಲಿ ಗುರುವಿನ ಹಿಂದೆ ನಿಂತು ವರ್ಷಗಟ್ಟಲೆ ಕುಣಿದವನಿಗೆ ಒಂದು ದಿನ ತಾನಾಗಿ ಬರುತ್ತದೆ ಎಂದು ನಂಬಿದ್ದನ್ನು ಅವರು ಪಾಠ ಮಾಡಿ ಹೇಳಿಕೊಡುತ್ತಿದ್ದರು.

1964ರಲ್ಲಿ ಮರಳಿದರು. ಅದೇ ವರ್ಷ ದೆಹಲಿಯಲ್ಲಿ ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕೊರಿಯಾಗ್ರಫಿ ಶುರುವಾಯಿತು. ಬೆನ್ನಿಗೆ ನಿಂತವರು ಕಮಲಾದೇವಿ ಚಟ್ಟೋಪಾಧ್ಯಾಯ. ಅವರೂ ನಮ್ಮ ಮಂಗಳೂರಿನವರೇ. ಮುಂದೆ 23 ವರ್ಷ ದೆಹಲಿಯಲ್ಲಿ ನಡೆಸಿದ ಸಂಸ್ಥೆಯನ್ನು 1987ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಆಹ್ವಾನದ ಮೇಲೆ ಬೆಂಗಳೂರಿಗೆ ತಂದರು. ಮತ್ತೆ ಅದೇ ಮಲ್ಲೇಶ್ವರ. ಕಟ್ಟಿದ ನೃತ್ಯರೂಪಕಗಳ ಹೆಸರು ನೋಡಿದರೆ ಅವರ ಮನಸ್ಸಿನ ಹರವು ಗೊತ್ತಾಗುತ್ತದೆ. ಒಂದು ಕಡೆ ‘ತುಲಸಿ ಕೆ ರಾಮ್’, ಇನ್ನೊಂದು ಕಡೆ ‘ಅಮೀರ್ ಖುಸ್ರೋ’. ‘ಹೊಯ್ಸಳ ವೈಭವ’ ಇದೆ. ಶೇಕ್ಸ್‌ಪಿಯರನ ವರ್ತಕ ‘ವೆನಿಸ್ ಕಾ ಸೌದಾಗರ್’ ಆಗಿ ಕಥಕ್ ಹೆಜ್ಜೆ ಹಾಕಿದ್ದಾನೆ. ಇಂಗ್ಲಿಷ್ ಎಂ.ಎ. ದಂಡವಾಗಲಿಲ್ಲ.

1989ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, ಅದೂ ನೃತ್ಯ ಸಂಯೋಜನೆಗೇ. ಇಲ್ಲೊಂದು ತಮಾಷೆ ಇದೆ. ಅದೇ 1989ರಲ್ಲಿ ಫಿಲ್ಮ್‌ಫೇರ್‌ನವರು ಮೊದಲ ಸಲ ನೃತ್ಯ ಸಂಯೋಜನೆಗೊಂದು ಪ್ರಶಸ್ತಿ ಇಟ್ಟು ‘ತೇಜಾಬ್’ ಚಿತ್ರದ ಹಾಡಿಗಾಗಿ ಸರೋಜ್ ಖಾನ್ ಅವರಿಗೆ ಕೊಟ್ಟರು. ಮಾಧುರಿ ದೀಕ್ಷಿತ್ ಒಂದರಿಂದ ಹದಿಮೂರರವರೆಗೆ ಎಣಿಸುವ ಆ ಹಾಡು ನಮ್ಮ ಗ್ಯಾದರಿಂಗ್‌ಗಳಲ್ಲಿ ಇನ್ನೂ ಎಣಿಸುತ್ತಲೇ ಇದೆ. ಅಂದರೆ ಈ ಕೆಲಸ ಮಾಡುವವರನ್ನು ದೇಶ ಗುರುತಿಸಿ ಬಹಳ ಕಾಲವೇನೂ ಆಗಿಲ್ಲ. ಸರೋಜ್ ಖಾನ್ ಹೆಸರು ನಮ್ಮ ಏಳನೇ ತರಗತಿಯ ಹುಡುಗಿಯರಿಗೂ ಗೊತ್ತು, ಟಿವಿಯ ಪುಣ್ಯ. ಮಾಯಾ ರಾವ್ ಹೆಸರು ಅವರ ಮೇಡಮ್ಮಿಗೇ ಬಹಳ ಕಾಲ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಬೇಸಿಗೆ ತರಬೇತಿಯಲ್ಲಿ. ರಾಯಚೂರಿನಲ್ಲಿ ಶಿಕ್ಷಕರಿಗೆ ಏರ್ಪಡಿಸಿದ್ದ ಶಿಬಿರಕ್ಕೆ ಮಲ್ಲೇಶ್ವರದ ಆ ಸಂಸ್ಥೆಯಲ್ಲಿ ಕಲಿತ ಒಬ್ಬ ತರುಣಿ ಬಂದಿದ್ದಳು. ಒಂದಾದರೂ ಹೊಸ ಹೆಜ್ಜೆ ಹೇಳಿಕೊಟ್ಟಾಳು ಎಂದು ನಾವು ಕಾದೆವು. ಆಕೆ ಹೇಳಿಕೊಡಲೇ ಇಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಒಂಬತ್ತು ಚೌಕ ಬರೆದಳು. ಒಬ್ಬ ಮಾಸ್ತರರನ್ನು ಕರೆದು ನಡುಚೌಕದಲ್ಲಿ ನಿಲ್ಲಿಸಿದಳು, ಆಮೇಲೆ ಹಿಂದಿನ ಮೂಲೆಯಲ್ಲಿ ನಿಲ್ಲಿಸಿದಳು. ‘ಎಲ್ಲಿದ್ದಾಗ ಇವರು ಒಂಟಿ ಅನ್ನಿಸಿತು?’ ಎಂದು ಕೇಳಿದಳು. ಮೂಲೆಯಲ್ಲಿ ಎಂದೆವು. ಅವರು ಸುಮ್ಮನೆ ನಿಂತಿದ್ದರು, ಮುಖದಲ್ಲಿ ಭಾವವೇನೂ ಇರಲಿಲ್ಲ, ಹೊಟ್ಟೆ ಹಸಿದಿತ್ತು ಅಷ್ಟೇ. ನಿಂತ ಜಾಗವೇ ಆ ಒಂಟಿತನ ತಂದಿತ್ತು. ಆಮೇಲೆ ಏಳು ಜನರನ್ನು ಕದಲದಂತೆ ನಿಲ್ಲಿಸಿ ಎಂಟನೆಯವರಿಗೆ ಮೂಲೆಯಿಂದ ಮೂಲೆಗೆ ನಡೆಯಲು ಹೇಳಿದಳು. ಎಲ್ಲರ ಕಣ್ಣೂ ಆ ಒಬ್ಬರ ಹಿಂದೆ ಹೋಯಿತು. ಮುಂದಿನ ಸಲ ಏಳು ಜನ ನಡೆದರು, ಒಬ್ಬರು ನಿಂತರು. ಕಣ್ಣು ನಿಂತವರ ಮೇಲೆ ನಿಂತಿತು.

ಎಂಟೂ ಮಕ್ಕಳು ಎಲ್ಲ ಹೊತ್ತೂ ಒಂದೇ ಕೆಲಸ ಮಾಡಬೇಕು ಎಂಬ ನಿಯಮ ಎಲ್ಲೂ ಇಲ್ಲ ಎಂದು ನನಗೆ ಅವತ್ತು ತಿಳಿಯಿತು. ಗುರುತ್ವಾಕರ್ಷಣೆ, ಬಲ, ವೇಗ ಎಂದು ತರಗತಿಯಲ್ಲಿ ಹೇಳುವವಳಿಗೆ ಇದು ತನ್ನದೇ ವಿಷಯ ಅನ್ನಿಸಿತು. ಮಾಯಾ ರಾವ್ ಅವರ ಮಗಳು ಮಧು ನಟರಾಜ್ 1995ರಲ್ಲಿ ಕಟ್ಟಿದ ಸಮಕಾಲೀನ ನೃತ್ಯ ತಂಡಕ್ಕೆ ಸ್ಟೆಮ್ ಎಂಬ ಹೆಸರಿದೆ. ಅವಕಾಶ, ಕಾಲ, ಶಕ್ತಿ, ಚಲನೆ ಎಂಬ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳು ಅದರಲ್ಲಿವೆ. ಎಂಟನೇ ತರಗತಿಯ ಭೌತಶಾಸ್ತ್ರಕ್ಕೂ ಇದೇ ಪರಿವಿಡಿ ಸಾಕು. ಕಥಕ್‌ನಲ್ಲಿ ಹೆಸರು ಮಾಡಿದ ನಿರುಪಮಾ, ರಾಜೇಂದ್ರ ಅವರೂ ಮಾಯಾ ರಾವ್ ಗರಡಿಯಲ್ಲಿ ಪಳಗಿದವರೇ. ಒಬ್ಬೊಬ್ಬರ ದಾರಿ ಒಂದೊಂದು. ಶಿಷ್ಯರು ಗುರುವಿನ ನಕಲಾಗಿಲ್ಲ ಎಂಬುದೇ ಆ ಕಲಿಕೆಯ ಗುಣಕ್ಕೆ ನನ್ನ ಮಟ್ಟಿಗೆ ದೊಡ್ಡ ಸಾಕ್ಷಿ.

ಶಿಬಿರದ ಮುಂದಿನ ವರ್ಷ ನಮ್ಮ ಹುಡುಗಿಯರಿಗೆ ವಿಡಿಯೊ ತೋರಿಸಲಿಲ್ಲ. ‘ಹತ್ತಿ ಬಿಡಿಸಾಕ ಹೋದಾಗ ಏನೇನು ಮಾಡ್ತೀರಿ, ಮಾಡಿ ತೋರಸ್ರಿ’ ಎಂದೆ. ರಜೆ ಬಂದರೆ ಅರ್ಧ ತರಗತಿ ಹೊಲದಲ್ಲೇ ಇರುತ್ತದೆ, ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಉಡಿ ಕಟ್ಟುವುದು, ಬಾಗುವುದು, ಎರಡೂ ಕೈಯಲ್ಲಿ ಬಿಡಿಸಿ ಉಡಿಗೆ ಹಾಕುವುದು, ನಡು ನೆಟ್ಟಗೆ ಮಾಡಿ ಹೊತ್ತು ಎಷ್ಟಾಯಿತೆಂದು ಮೇಲೆ ನೋಡುವುದು. ಆ ಕೊನೆಯದನ್ನು ಪ್ರತಿಯೊಬ್ಬಳೂ ಬೇರೆ ಬೇರೆ ಥರ ಮಾಡಿದಳು. ಮಾಡಲಿ ಎಂದು ಬಿಟ್ಟೆ. ಸಾಲು ಮಾತ್ರ ಹೊಲದ ಸಾಲಿನಂತೆ ಓರೆಯಾಗಿ ಮೂಲೆಯಿಂದ ಮೂಲೆಗೆ ಹೋಗುವ ಹಾಗೆ ಜೋಡಿಸಿದೆ. ಒಬ್ಬಳು ಹಿಂದೆ ಬೀಳುತ್ತಾಳೆ, ಪಕ್ಕದ ಸಾಲಿನವಳು ಬಂದು ಅವಳ ಸಾಲಿನದೂ ಬಿಡಿಸುತ್ತಾಳೆ. ಗೋಪುರ ಕಟ್ಟಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ತೀರ್ಪುಗಾರರೊಬ್ಬರು ಸೌಜನ್ಯದಿಂದಲೇ ಕೇಳಿದರು: ‘ಮೇಡಂ, ಇದು ಯಾವ ಜಾನಪದ ನೃತ್ಯ? ಕೋಲಾಟನೂ ಅಲ್ಲ, ಕಂಸಾಳೆನೂ ಅಲ್ಲ.’ ಗಿಲ್ಲೆಸುಗೂರಿನದು ಎಂದೆ. ಪಟ್ಟಿಯಲ್ಲಿ ಅದು ಇರಲಿಲ್ಲ.

ಎಷ್ಟು ಹುಡುಕಿದರೂ ನಮ್ಮ ಭಾಗದಲ್ಲಿ ಹೆಜ್ಜೆಗೆ ಬರ ಕಾಣುವುದಿಲ್ಲ. ರಾಯಚೂರಿನಿಂದ ಮಂತ್ರಾಲಯದ ದಾರಿ ಹಿಡಿದು ಯರಗೇರಾ ದಾಟಿದರೆ ನಮ್ಮ ಊರು ಸಿಗುತ್ತದೆ. ತುಂಗಭದ್ರೆ ದೂರವಿಲ್ಲ, ಆಚೆ ದಂಡೆ ಆಂಧ್ರ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಚಹದಂಗಡಿಯಲ್ಲಿ ಕೇಳಿಸುತ್ತವೆ. ಮೊಹರಂ ಬಂತೆಂದರೆ ಈ ಸೀಮೆಯ ಊರೂರಲ್ಲಿ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ದೇವರು ಕೂಡ್ರಿಸುತ್ತಾರೆ. ಮುದಗಲ್ಲಿನ ಮೊಹರಂ ಅಂತೂ ನಾಡಿಗೇ ಗೊತ್ತು. ರಿವಾಯತ್ ಪದ ಹಾಡುವವರಲ್ಲಿ, ಬೆಂಕಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಹಲಗಿಯ ಸದ್ದು ಬಿದ್ದರೆ ಕಾಲು ತಾನೇ ಏಳುತ್ತದೆ.

ನಮ್ಮ ಕಡೆ ಹೆಜ್ಜೆ ಮೇಳ ನಡೆಸುವ ಹಿರಿಯರೊಬ್ಬರಿದ್ದಾರೆ. ಹೊಟ್ಟೆಪಾಡಿಗೆ ಗೌಂಡಿ ಕೆಲಸ. ಕೈಯಲ್ಲೊಂದು ದಸ್ತಿ ಇರುತ್ತದೆ. ಅದು ಮೇಲೆ ಹೋದರೆ ಮೇಳ ತಿರುಗುತ್ತದೆ, ಕೆಳಗೆ ಬಂದರೆ ಕುಕ್ಕರಿಸುತ್ತದೆ. ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ ಅವರು ನಕ್ಕರು. ‘ಕಲಿಸೋದೇನೈತ್ರೀ ಅಕ್ಕೋರೆ. ಮಂದಿ ಹೆಚ್ಚಾದ್ರ ಸುತ್ತು ಎರಡು ಮಾಡ್ತೀನಿ. ಕಮ್ಮಿ ಇದ್ರ ಹೆಜ್ಜಿ ದೊಡ್ಡದು ಹಾಕಸ್ತೀನಿ. ಹುಡುಗೂರು ಹೊರಗಿನ ಸುತ್ತಿನ್ಯಾಗ ಇರಬೇಕು, ಇಲ್ಲಾಂದ್ರ ನೋಡೋರಿಗೆ ಕಾಣಂಗಿಲ್ಲ. ನಡುವ ಬೆಂಕಿ ಕಾಣಬೇಕು ನೋಡ್ರಿ, ಅದು ಮುಖ್ಯ.’

ಮಾಸ್ಕೋದಲ್ಲಿ ಮಾಯಾ ರಾವ್ ನಾಲ್ಕು ವರ್ಷ ಕೂತು ಕಲಿತ ಪಾಠದ ಮೊದಲ ಅಧ್ಯಾಯ ಇದೇ ಇರಬೇಕು. ಜನ ಎಷ್ಟು, ಜಾಗ ಎಷ್ಟು, ನೋಡುವವರು ಎಲ್ಲಿದ್ದಾರೆ, ಕಣ್ಣು ಎಲ್ಲಿ ನಿಲ್ಲಬೇಕು. ಆ ಹಿರಿಯರು ಸಂಯೋಜಕರಲ್ಲದೆ ಮತ್ತೇನು? ಆದರೆ ಅವರಿಗೆ ಸರ್ಟಿಫಿಕೇಟು ಇಲ್ಲ, ಗೌರವಧನ ಇಲ್ಲ, ಮೈಕಿನಲ್ಲಿ ಹೆಸರೂ ಇಲ್ಲ. ಮೇಳಕ್ಕೆ ಶಾಮಿಯಾನ ಕೊಟ್ಟವರ ಹೆಸರನ್ನು ಮಾತ್ರ ಎರಡೆರಡು ಸಲ ಕೂಗುತ್ತಾರೆ.

ಜಾನಪದಕ್ಕೆ ಕರ್ತೃ ಇರುವುದಿಲ್ಲ, ಅದು ಸಮುದಾಯದ್ದು ಎಂದು ಇಂಥ ಮಾತಿಗೆ ವಿದ್ವಾಂಸರು ಉತ್ತರ ಕೊಡುತ್ತಾರೆ. ಗೌರವದಿಂದಲೇ ಹೇಳುತ್ತೇನೆ, ಇದು ಅರ್ಧ ಸತ್ಯ. ಪದ ಯಾರದೋ, ಹೆಜ್ಜೆ ಯಾರದೋ ಇರಬಹುದು. ಈ ವರ್ಷ, ಈ ಊರಲ್ಲಿ, ಇಷ್ಟೇ ಜಾಗದಲ್ಲಿ, ಇಷ್ಟು ಮಂದಿಯನ್ನು ಕಟ್ಟಿದವರು ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಹೆಸರಿದೆ, ಮನೆ ಇದೆ, ಮೊಣಕಾಲು ನೋವೂ ಇದೆ. ಸಮುದಾಯ ಎಂಬ ದೊಡ್ಡ ಮಾತಿನ ಕೆಳಗೆ ಅವರನ್ನು ಮುಚ್ಚಿಡುವುದು ನಮಗೆ ಅನುಕೂಲ, ಏಕೆಂದರೆ ಸಮುದಾಯಕ್ಕೆ ಯಾರೂ ಟಿಎ, ಡಿಎ ಕೊಡಬೇಕಾಗಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಲಾಯಿ ಕುಣಿತ ನಂಬಿಕೆಯ ವಿಷಯ, ಅದನ್ನು ಎತ್ತಿ ವೇದಿಕೆಯ ಮೇಲೆ ಇಡಬಾರದು ಎಂಬುದು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಪ್ಲೈವುಡ್ಡಿನ ಮೇಲೆ ಕೆಂಪು ಬಲ್ಬು ಹಾಕಿ ಅದನ್ನೇ ಅಲಾಯಿ ಬೆಂಕಿ ಎನ್ನುವುದು ನೋಡಲಾಗದ ದೃಶ್ಯ. ನಾನು ಕೇಳುತ್ತಿರುವುದು ಆ ಕುಣಿತವನ್ನಲ್ಲ, ಆ ಹಿರಿಯರ ತಿಳಿವಳಿಕೆಯನ್ನು. ಗುಂಪನ್ನು ನಡೆಸುವ ಅವರ ಕಣ್ಣು ಹತ್ತಿ ಹೊಲದ ಕುಣಿತಕ್ಕೂ ಸಲ್ಲುತ್ತದೆ, ಸ್ವಾತಂತ್ರ್ಯ ದಿನದ ಕವಾಯತಿಗೂ ಸಲ್ಲುತ್ತದೆ.

ಕರಾವಳಿಯಲ್ಲಿ ಇಂಥ ಕೆಲಸವನ್ನು ಶಿವರಾಮ ಕಾರಂತರು ಮಾಡಿದರು. ಯಕ್ಷಗಾನದ ಮಾತು ತಗ್ಗಿಸಿ, ಪಿಟೀಲು, ಸ್ಯಾಕ್ಸೋಫೋನು ಸೇರಿಸಿ ಬ್ಯಾಲೆ ಮಾಡಿದಾಗ ಬೈದವರೂ ಇದ್ದರು, ಹೊಗಳಿದವರೂ ಇದ್ದರು. ಬೈಯಲು ಎದುರಿಗೊಂದು ಕೃತಿ ಇತ್ತು, ಕೃತಿಯ ಹಿಂದೆ ಒಂದು ಹೆಸರಿತ್ತು. ದಕ್ಷಿಣಕ್ಕೆ ಮಾಯಾ ರಾವ್ ಸಿಕ್ಕರು. ಕಲ್ಯಾಣ ಕರ್ನಾಟಕದ ಹೆಜ್ಜೆಗಳಿಗೆ ಮಾತ್ರ ಅಂಥವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದಾರೆ.

ಮಾಯಾ ರಾವ್ ಅವರ ಸಂಸ್ಥೆ ಬೆಂಗಳೂರಲ್ಲೇ ಉಳಿದದ್ದು ಅವರ ತಪ್ಪಲ್ಲ. ಎಪ್ಪತ್ತಕ್ಕೆ, ಎಂಬತ್ತಕ್ಕೆ ಬಂದಾಗಲೂ ಕಲಿಸುತ್ತಿದ್ದ ಹೆಣ್ಣುಮಗಳನ್ನು ‘ರಾಯಚೂರಿಗೆ ಯಾಕೆ ಬರಲಿಲ್ಲ’ ಎಂದು ಕೇಳುವುದು ಅನ್ಯಾಯ. ಪ್ರಶ್ನೆ ಇರುವುದು ಸರ್ಕಾರಕ್ಕೆ. ಕರೆಸಿದರು, ಒಳ್ಳೆಯದಾಯಿತು, ಶಾಂತಲಾ ಪ್ರಶಸ್ತಿ ಕೊಟ್ಟರು. 2014ರ ಸೆಪ್ಟೆಂಬರ್ 1ರಂದು ಅವರು ತೀರಿಕೊಂಡಾಗ ಸಂತಾಪ ಸೂಚಿಸಿದರು. ಅವರು ರೂಪಿಸಿದ ಪಠ್ಯವನ್ನು ರಾಯಚೂರು, ಕಲಬುರಗಿ, ವಿಜಯಪುರದ ಶಿಕ್ಷಕರಿಗೆ ತಲುಪಿಸುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ನಮ್ಮ ಉತ್ಸವ ಸಮಿತಿಗಳು ನೃತ್ಯರೂಪಕದಿಂದ ಕಲಿತದ್ದು ಹೆಸರಿನ ಕೊನೆಗೆ ‘ವೈಭವ’ ಸೇರಿಸುವುದನ್ನು, ನೂರು ಜನರಿಗೆ ಒಂದೇ ಬಣ್ಣದ ಬಟ್ಟೆ ಹೊಲಿಸುವುದನ್ನು, ಹೊಗೆ ಬಿಡುವುದನ್ನು. ಹೊಗೆ ಬಂತೆಂದರೆ ಕಾಲು ಕಾಣುವುದಿಲ್ಲ, ಕಾಲು ಕಾಣದಿದ್ದರೆ ತಾಲೀಮು ಕಡಿಮೆಯಾದರೂ ನಡೆಯುತ್ತದೆ.

ಆಗಬೇಕಾದ್ದು ದೊಡ್ಡ ಖರ್ಚಿನದಲ್ಲ. ಪ್ರತಿಭಾ ಕಾರಂಜಿಯ ಅಂಕಪಟ್ಟಿಯಲ್ಲಿ ವೇಷಭೂಷಣಕ್ಕೆ ಜಾಗ ಕೊಡುವ ಹಾಗೆ ಸ್ವಂತ ಸಂಯೋಜನೆಗೂ ಒಂದು ಕಲಂ ಇರಲಿ, ಮಕ್ಕಳಿಗೆ ಕೊಡುವ ಪ್ರಮಾಣಪತ್ರದ ಜೊತೆ ನೃ‌ತ್ಯ ಕಟ್ಟಿದವರಿಗೂ ಒಂದು ಕಾಗದ ಸಿಗಲಿ. ನಿರೂಪಕರು ತಂಡದ ಹೆಸರಿನ ಜೊತೆ ಅವರ ಹೆಸರನ್ನೂ ಓದಲಿ. ನಕಲು ಮಾಡಿದ್ದಕ್ಕೆ ಹೆಸರು ಹೇಳಿಕೊಳ್ಳಲು ಯಾರಿಗಾದರೂ ಮುಜುಗರವಾಗುತ್ತದೆ, ಅರ್ಧ ವಿಡಿಯೊ ಕುಣಿತ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಆ ವಿಡಿಯೊ ಮಾಡಿದವರ ಹೆಸರಾದರೂ ಹೇಳಿದಂತಾಗುತ್ತದೆ.

ಎರಡನೆಯದಕ್ಕೆ ಸ್ವಲ್ಪ ಹಣ ಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡ ಕಟ್ಟಿಸುತ್ತದೆ, ರಸ್ತೆ ಮಾಡಿಸುತ್ತದೆ, ಮಾಡಿಸಲಿ. ಅದರಲ್ಲಿ ಒಂದು ಚೂರು ಇಟ್ಟು ಬೇಸಿಗೆಯಲ್ಲಿ ಒಂದು ತಿಂಗಳ ನೃತ್ಯ ಸಂಯೋಜನೆ ಶಿಬಿರ ನಡೆಸಬಹುದು. ಜಾಗಕ್ಕೆ ಪರದಾಡಬೇಕಿಲ್ಲ. ನಮ್ಮ ಜಿಲ್ಲೆಯ ದೊಡ್ಡ ಗಾಯಕರ ಹೆಸರಿನ ಪಂಡಿತ ಸಿದ್ದರಾಮ ಜಂಬಲದಿನ್ನಿ ರಂಗಮಂದಿರ ರಾಯಚೂರಿನಲ್ಲಿದೆ. ಯರಗೇರಾದಲ್ಲಿ ವಿಶ್ವವಿದ್ಯಾಲಯದ ಆವರಣವೇ ಇದೆ, ನಮ್ಮೂರಿನಿಂದ ಬಸ್ಸಿಗೆ ಹತ್ತಿ ಟಿಕೆಟ್ ತೆಗೆಸುವಷ್ಟರಲ್ಲಿ ಬರುತ್ತದೆ. ಬೆಂಗಳೂರಿಗೆ ಹೋಗಿ ಕಲಿಯಿರಿ ಎಂದರೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಮನೆಯಲ್ಲಿ ವಯಸ್ಸಾದ ಅತ್ತೆ, ಹತ್ತನೇ ತರಗತಿಯ ಮಗ. ಒಬ್ಬ ಶಿಕ್ಷಕಿಯೂ ಹೋಗುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಅಲ್ಲಿಯವರೇ ಇಲ್ಲಿಗೆ ಬರಲಿ.

ಕಲಿಸುವವರಲ್ಲಿ ಅರ್ಧ ಜನ ಮಾಯಾ ರಾವ್ ಪರಂಪರೆಯಲ್ಲಿ ಕಲಿತವರಿರಲಿ. ಇನ್ನರ್ಧ ಜನ ಮಾನ್ವಿ, ದೇವದುರ್ಗ, ಲಿಂಗಸುಗೂರು ಸೀಮೆಯ ಹೆಜ್ಜೆ ಮೇಳದವರು, ದೊಡ್ಡಾಟದ ಭಾಗವತರು, ಕೋಲಾಟದ ಹೆಣ್ಣುಮಕ್ಕಳು ಇರಲಿ. ಗೌರವಧನ ಇಬ್ಬರಿಗೂ ಒಂದೇ. ಮುಂಜಾನೆ ಒಂಬತ್ತು ಚೌಕದ ಪಾಠ ಆಗಲಿ, ಸಂಜೆ ದಸ್ತಿಯ ಪಾಠ ಆಗಲಿ. ತಿಂಗಳ ಕೊನೆಗೆ ಪ್ರತಿ ಶಿಕ್ಷಕರೂ ತಮ್ಮ ಊರಿನ ಒಂದು ಕೆಲಸದಿಂದ, ಮೆಣಸಿನಕಾಯಿ ಬಿಡಿಸುವುದೋ, ಭತ್ತದ ನಾಟಿಯೋ, ಕಟ್ಟಡಕ್ಕೆ ಇಟ್ಟಿಗೆ ಸಾಗಿಸುವುದೋ, ಐದು ನಿಮಿಷದ ಕುಣಿತ ಕಟ್ಟಿ ತೋರಿಸಲಿ.

ಅರ್ಜಿ ನಮೂನೆ ಮಾಡುವ ಅಧಿಕಾರಿಗಳಿಗೆ ಈಗಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಈ ಮೊದಲು ಕಲಿತ ನೃತ್ಯ ಪ್ರಕಾರ, ಗುರುಗಳ ಹೆಸರು, ಪರೀಕ್ಷೆ ಪಾಸಾದ ವರ್ಷ’ ಎಂಬ ಕಲಂ ಹಾಕಬೇಡಿ. ಹಾಕಿದರೆ ನಮ್ಮ ಗೌಂಡಿಯವರ ಅರ್ಜಿ ಟಪಾಲು ಮೇಜಿನಲ್ಲೇ ಬಿದ್ದುಹೋಗುತ್ತದೆ.